ಮಡ್ಡಿಯ ಮೇಲೆ ಬಿದ್ದ ತಂತಿ

ಈ ಸಲದ ಯುಗಾದಿಗೆ ಘೋಣಸಗಿಯ ಮನೆಯಲ್ಲಿ ಅಣ್ಣನ ಮಗಳು ಒಂದು ಹಾಳೆ ತಂದು ಕಾಕಾನ ಮುಂದಿಟ್ಟಳು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆರನೇ ಸೆಮಿಸ್ಟರ್, ವಿಷಯ ಪವರ್ ಸಿಸ್ಟಮ್ ಅನಾಲಿಸಿಸ್. ಪಾಠಗಳ ಹೆಸರಿನ ಕೆಳಗೆ, ಈ ಕೋರ್ಸ್ ಮುಗಿಸಿದವರಿಗೆ ಏನೇನು ಮಾಡಲು ಬರಬೇಕು ಎಂಬ ಕಲಿಕೆಯ ಗುರಿಗಳಿದ್ದವು. ವಿದ್ಯುತ್ ಜಾಲದ ಏಕರೇಖಾ ಚಿತ್ರ ಬರೆದು ಅದನ್ನು ಪರ್ ಯುನಿಟ್ ಲೆಕ್ಕಕ್ಕೆ ಇಳಿಸುವುದು, ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯುವ ಕರೆಂಟನ್ನು ಕಂಡುಹಿಡಿಯುವುದು, ಲೋಡ್ ಫ್ಲೋ ಬಿಡಿಸುವುದು, ಜಾಲ ಸ್ಥಿರವಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು. "ಕಾಕಾ, ಇದರಾಗ ಖರೇನ ಬೇಕಾಗೂದು ಯಾವ್ದು, ಬರೇ ಪರೀಕ್ಷಾಕ್ಕ ಬರೂದು ಯಾವ್ದು?" ಎಂದು ಕೇಳಿದಳು.

ಕಾಕಾ ಮೂರು ದಶಕ ಉಪಕೇಂದ್ರಗಳಲ್ಲೇ ಕಳೆದವನು. ಆದರೂ ಅವನಿಗೆ ಕೂಡಲೇ ಉತ್ತರ ಹೇಳಲಾಗಲಿಲ್ಲ. ಆ ಹಾಳೆಯ ಒಂದೊಂದು ಸಾಲೂ ಅವನನ್ನು ಇದೇ ಊರಿನ ಒಂದೊಂದು ಜಾಗಕ್ಕೆ ಎಳೆಯತೊಡಗಿತ್ತು: ಅಗಸಿಯ ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್), ಹಳ್ಳದಾಚೆಯ ಬಾವಿ, ಊರಾಚೆಯ ಮಡ್ಡಿ. ಮುಂದೆ ಈ ಬರಹದಲ್ಲಿ ಬರುವ ಹುಡುಗ ಆ ಕಾಕಾನೇ. ಬರೆದವನೂ ಅವನೇ.

ಹುಡುಗ ಓದಿದ ಕಾಲದಲ್ಲಿ ಇಂಥ ಗುರಿಗಳ ಪಟ್ಟಿ ಇರಲಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದದ್ದು 1998ರಲ್ಲಿ. ಅದಕ್ಕೂ ಮುಂಚೆ ಈ ಸೀಮೆಯ ಎಂಜಿನಿಯರಿಂಗ್ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಾಠಕ್ರಮ ಎಂದರೆ ಅಧ್ಯಾಯಗಳ ಹೆಸರು, ಕೊನೆಗೆ ನಾಲ್ಕು ಪುಸ್ತಕಗಳ ಹೆಸರು, ಅಷ್ಟೇ. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ದೇಶವಾಯಿತು. ಆ ಹೊತ್ತಿನಿಂದ, ಮೇಷ್ಟ್ರು ಏನು ಮುಗಿಸಿದರು ಎನ್ನುವುದರ ಜೊತೆಗೆ ವಿದ್ಯಾರ್ಥಿಗೆ ಏನು ಬಂತು ಎಂದು ಕೇಳುವ ಪದ್ಧತಿ ಬಲವಾಯಿತು. ಇದು ಒಳ್ಳೆಯ ಬದಲಾವಣೆ ಎಂದೇ ಅವನ ಅಭಿಪ್ರಾಯ. ಅವನ ಕೊರಗು ಬೇರೆಯದು. ಆ ಪಟ್ಟಿಯಲ್ಲಿ ಒಂದು ಊರೂ ಇಲ್ಲ, ಒಂದು ಕಂಬವೂ ಇಲ್ಲ, ಕರೆಂಟು ಬಳಸುವ ಒಬ್ಬ ಮನುಷ್ಯನೂ ಇಲ್ಲ.

ಹುಡುಗ ಚಿಕ್ಕವನಿದ್ದಾಗ ಇಂದಿನ ವಿಜಯಪುರ ಜಿಲ್ಲೆ ಇನ್ನೂ ಬಿಜಾಪುರ. ಟಿಕೋಟಾ ತಾಲ್ಲೂಕು ಕೇಂದ್ರವಾಗಲು ದಶಕಗಳು ಬಾಕಿಯಿದ್ದವು. ಘೋಣಸಗಿಯ ಎರಿ ಹೊಲಗಳಲ್ಲಿ ಬಿಳಿಜೋಳ, ಮಡ್ಡಿಯಲ್ಲಿ ಸಜ್ಜೆ, ಬಾವಿಯಿದ್ದವರಲ್ಲಿ ಒಂದಿಷ್ಟು ತೋಟ. ಊರಿಗೊಬ್ಬ ಲೈನ್‌ಮನ್ ಇದ್ದ. ಮಕ್ಕಳಿಗೆಲ್ಲ ಅವನು ಮಾಮಾ. ಖಾಕಿ ಅಂಗಿ, ಸೈಕಲ್, ಹೆಗಲ ಮೇಲೆ ಹಗ್ಗದ ಸುರುಳಿ. ಟಿಸಿ ಕಂಬದ ಕೆಳಗೆ ಅವನು ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದ. ಗುಂಯ್‌ಗುಡುವ ದನಿ ಕೇಳಿಯೇ ಹೇಳುತ್ತಿದ್ದ: "ಒಂದ್ ಫೇಸ್ ಹೋಗೇತ್ರೆಪಾ, ಮೋಟರ್ ಬಂದ್ ಮಾಡ್ರಿ, ಇಲ್ಲಂದ್ರ ಸುಡತಾವು." ಅವನ ಮಾತು ಕೇಳಿ ಓಡಿಹೋಗಿ ಸ್ಟಾರ್ಟರಿನ ಬಂದ್ ಗುಂಡಿ ಒತ್ತಿದವರ ಮೋಟರು ಉಳಿಯುತ್ತಿತ್ತು.

ಮಾಮಾ ಕಿವಿಯಿಂದ ಹಿಡಿದದ್ದನ್ನು ಚಾರ್ಲ್ಸ್ ಫೋರ್ಟೆಸ್ಕ್ಯೂ ಎಂಬ ಎಂಜಿನಿಯರ್ 1918ರಲ್ಲಿ ಗಣಿತವಾಗಿ ಬರೆದಿಟ್ಟಿದ್ದ. ಮೂರು ಫೇಸುಗಳ ಸಮತೋಲ ತಪ್ಪಿದಾಗ ಆ ಗೊಂದಲವನ್ನು ಮೂರು ಅಚ್ಚುಕಟ್ಟಾದ ಗುಂಪುಗಳಾಗಿ ಬಿಡಿಸಬಹುದು. ಒಂದು ಗುಂಪು ಮೋಟರನ್ನು ಸರಿಯಾದ ದಿಕ್ಕಿಗೆ ತಿರುಗಿಸುತ್ತದೆ. ಇನ್ನೊಂದು ಉಲ್ಟಾ ದಿಕ್ಕಿಗೆ ಜಗ್ಗುತ್ತದೆ. ಮೂರನೆಯದು ತಿರುಗುವುದೇ ಇಲ್ಲ. ಒಂದು ಫೇಸ್ ಕಳೆದುಕೊಂಡ ಮೋಟರಿನೊಳಗೆ ಆ ಉಲ್ಟಾ ಗುಂಪು ರೋಟರನ್ನು ಬಿಸಿಮಾಡುತ್ತ, ವೈಂಡಿಂಗನ್ನು ಸುಡುವವರೆಗೂ ಬಿಡುವುದಿಲ್ಲ. ಪಾಠಕ್ರಮದಲ್ಲಿ ಇದರ ಹೆಸರು ಸಿಮೆಟ್ರಿಕಲ್ ಕಾಂಪೊನೆಂಟ್ಸ್. ಮೊದಲ ಸಲ ಇದನ್ನು ಓದುವವರು ಎಲ್ಲಿಯೂ ಇಲ್ಲದ ಒಂದು ಜಾಣತನದ ಆಟ ಎಂದುಕೊಳ್ಳುತ್ತಾರೆ. ರೈತನ ಸುಟ್ಟ ಮೋಟರಿನ ವಾಸನೆ ಗೊತ್ತಿದ್ದವರಿಗೆ ಹಾಗನಿಸುವುದಿಲ್ಲ.

ಮಾಮಾನ ಬಗ್ಗೆ ಪ್ರೀತಿ ಇಂದಿಗೂ ಇದೆ. ಆದರೆ ಎಲ್ಲವನ್ನೂ ಹೊಗಳಲಾಗದು. ಅವನು ಬೆಲ್ಟಿಲ್ಲದೆ, ಕೈಗವಸಿಲ್ಲದೆ ಕಂಬ ಹತ್ತುತ್ತಿದ್ದ. ಊರು ಅದನ್ನು ಧೈರ್ಯ ಎಂದು ಮೆಚ್ಚುತ್ತಿತ್ತು. ಫ್ಯೂಸ್ ಹೋದರೆ ಅಲ್ಯೂಮಿನಿಯಂ ತಂತಿಯ ಎರಡು ಮೂರು ಎಳೆ ಹೊಸೆದು ಕಟ್ಟುತ್ತಿದ್ದ, ದೀಪ ಮತ್ತೆ ಹತ್ತುತ್ತಿತ್ತು, ಜನ ಚಹಾ ಕುಡಿಸುತ್ತಿದ್ದರು. ಬೇಸಿಗೆಯ ನಡುವೆ ಟಿಸಿ ಸುಟ್ಟಾಗ ಆ ದಪ್ಪ ತಂತಿಯನ್ನು ಯಾರೂ ನೆನೆಯುತ್ತಿರಲಿಲ್ಲ. ಒಂದು 63 ಕೆವಿಎ ಟಿಸಿಯ ಲೆಕ್ಕ ತೆಗೆದುಕೊಳ್ಳಿ. ಪೂರ್ತಿ ಹೊರೆ ಹೊತ್ತಾಗ 11 ಕೆವಿ ಬದಿಯಲ್ಲಿ ಹರಿಯುವುದು ಸುಮಾರು 3.3 ಆಂಪಿಯರ್, ಕೆಳಗಿನ 433 ವೋಲ್ಟ್ ಬದಿಯಲ್ಲಿ 84 ಆಂಪಿಯರ್. ಇಂಪೀಡೆನ್ಸ್ ಶೇ 4.5 ಆದರೆ ಕೆಳಬದಿಯ ತಂತಿಗಳು ಅಲ್ಲೇ ಒಂದಕ್ಕೊಂದು ತಾಗಿದಾಗ 1,870 ಆಂಪಿಯರ್‌ವರೆಗೆ ನುಗ್ಗುತ್ತದೆ. ಆಗ ದಪ್ಪ ಎಳೆಯೂ ಕರಗಬಹುದು. ಆದರೆ 84ರ ಬದಲು 130 ಆಂಪಿಯರ್ ಗಂಟೆಗಟ್ಟಲೆ ಹರಿದರೆ ಆ ಎಳೆ ಮಿಸುಕಾಡುವುದಿಲ್ಲ, ಟಿಸಿಯ ಎಣ್ಣೆ ಕುದಿಯುತ್ತದೆ. ಸರಿಯಾದ ಅಳತೆಯ ಫ್ಯೂಸ್ ತಂತಿಯನ್ನು ಮಾಮಾನ ಕೈಗೆ ಕೊಟ್ಟವರೂ ಇರಲಿಲ್ಲ, ಕಲಿಸಿದವರೂ ಇರಲಿಲ್ಲ. ಪರ್ ಯುನಿಟ್ ಪದ್ಧತಿಯನ್ನು ಕಲಿಯುವ ವಿದ್ಯಾರ್ಥಿ ಮೊದಲು ಈ ಶೇ 4.5 ಎಂಬ ಒಂದು ಅಂಕಿಯ ಬೆಲೆ ತಿಳಿಯಬೇಕು. ಟಿಸಿಯ ಹೆಸರುಹಲಗೆಯ ಮೇಲೆ ಅದು ಬರೆದೇ ಇರುತ್ತದೆ. ಅದೊಂದು ಗೊತ್ತಿದ್ದರೆ ಮೇಲಿನ ಲೆಕ್ಕಕ್ಕೆ ಕಂಪ್ಯೂಟರ್ ಬೇಡ, ಕಾಲು ಹಾಳೆ ಸಾಕು.

ಆದರೆ ಹುಡುಗನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಟಿಸಿಯೂ ಅಲ್ಲ, ಮೋಟರೂ ಅಲ್ಲ.

ರೋಹಿಣಿ ಮಳೆಗೆ ಮುಂಚೆ ಬೀಸುವ ಗಾಳಿ ಆ ಸೀಮೆಯವರಿಗೆಲ್ಲ ಗೊತ್ತು. ಅಂಥದೊಂದು ಸಂಜೆ ಮಡ್ಡಿಯ ಮೇಲೆ ಹಾದಿದ್ದ 11 ಕೆವಿ ಲೈನಿನ ಒಂದು ತಂತಿ ಹರಿದು ನೆಲಕ್ಕೆ ಬಿತ್ತು. ಮಳೆ ಇನ್ನೂ ಆಗಿರಲಿಲ್ಲ. ಕಲ್ಲು ಗರಸಿನ ನೆಲ ಬೇಸಿಗೆಯಿಡೀ ಕಾದು ಒಣಗಿತ್ತು. ಪಕ್ಕದ ಮನೆಯವರ ಕಿಲಾರಿ ಜೋಡಿಯಲ್ಲಿ ಒಂದು ಎತ್ತು ತಂತಿಯ ಹತ್ತಿರ ಹೆಜ್ಜೆಯಿಟ್ಟು ಅಲ್ಲೇ ಕುಸಿಯಿತು. ಬಿಡಿಸಲು ಓಡಿದವರನ್ನು ಹಿರಿಯರೊಬ್ಬರು ಕೂಗಿ ತಡೆದರು. ಅದರಿಂದ ಮನುಷ್ಯರು ಉಳಿದರು. ಯಾರೋ ಸೈಕಲ್ ಹತ್ತಿ ಉಪಕೇಂದ್ರಕ್ಕೆ ಹೋದರು. ಲೈನ್ ಬಂದ್ ಆಗುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿದ್ದವರು ಹೇಳಿ ಕಳಿಸಿದ ಮಾತು ಊರಲ್ಲಿ ಬಹಳ ದಿನ ಓಡಾಡಿತು: "ಇಲ್ಲಿ ಟ್ರಿಪ್ಪೇ ಆಗಿಲ್ಲಲ್ರಿ, ಲೈನ್ ಚಾಲೂನ ಇತ್ತು."

ಎತ್ತಿನ ಒಡೆಯ ಹುಡುಗನಿಗೆ ವರಸೆಯಿಂದ ದೊಡ್ಡಪ್ಪ. ಅಕ್ಷರ ಬಾರದವರು. ಅವರು ಕೇಳಿದ ಪ್ರಶ್ನೆಗೆ ಊರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. "ಮನ್ಯಾಗ ವೈರ್ ತಾಗಿದ್ರ ಫ್ಯೂಸ್ ಹೋಗತೈತಿ. ಇಷ್ಟ ದೊಡ್ಡ ತಂತಿ ನೆಲಕ್ಕ ಬಿದ್ರ ಅಲ್ಲಿ ಯಾಕ ಗೊತ್ತಾಗ್ಲಿಲ್ಲ?"

ಹುಡುಗ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಕಾಲೇಜಿಗೆ ಹೋದ. ಕನ್ನಡ ಮಾಧ್ಯಮದಿಂದ ಬಂದವನಿಗೆ ಮೊದಲ ವರ್ಷವಿಡೀ ಇಂಗ್ಲಿಷ್ ಪುಸ್ತಕಗಳೊಂದಿಗೆ ಗುದ್ದಾಟ. ಪವರ್ ಸಿಸ್ಟಮ್ ಪಾಠಕ್ಕೆ ಬಂದದ್ದು ನಿವೃತ್ತಿ ಹತ್ತಿರವಿದ್ದ ಒಬ್ಬ ಮೇಷ್ಟ್ರು. ಹಳದಿಯಾದ ನೋಟ್ಸ್ ನೋಡಿ ಬರೆಸುತ್ತಿದ್ದರು, ತಲೆಯೆತ್ತಿ ನೋಡುವುದು ಅಪರೂಪ. ಹುಡುಗರು ಅವರನ್ನು ಟೇಪ್‌ರೆಕಾರ್ಡರ್ ಎನ್ನುತ್ತಿದ್ದರು. ಲೈಬ್ರರಿಯಲ್ಲಿ ಸ್ಟೀವನ್‌ಸನ್ ಬರೆದ ಪುಸ್ತಕ ಇತ್ತು, ನಾಗ್ರಾಥ್-ಕೊಠಾರಿ ಇತ್ತು. ಜೊತೆಗೆ ಎಂ. ಎ. ಪೈ ಅವರ ಕಂಪ್ಯೂಟರ್ ವಿಧಾನಗಳ ಪುಸ್ತಕ. ಮಂಗಳೂರು ಅನಂತ ಪೈ ಕಾನ್ಪುರದ ಐಐಟಿಯಲ್ಲಿ ಕಲಿಸುತ್ತಿದ್ದಾಗಲೇ 1974ರ ಭಟ್ನಾಗರ್ ಪ್ರಶಸ್ತಿ ಪಡೆದವರು. ವಿದ್ಯುತ್ ಜಾಲಗಳ ಸ್ಥಿರತೆಯ ಅಧ್ಯಯನದಲ್ಲಿ ಜಗತ್ತು ಗುರುತಿಸುವ ಹೆಸರು ಅವರದು. ಕರಾವಳಿಯ ಒಬ್ಬರು ಬರೆದ ಪುಸ್ತಕ ಕೈಯಲ್ಲಿದೆ ಎನ್ನುವುದೇ ಆ ಹುಡುಗನಿಗೆ ದೊಡ್ಡ ಬಲವಾಗಿತ್ತು.

ಒಂದು ತಂತಿ ನೆಲಕ್ಕೆ ತಾಗಿದಾಗಿನ ಲೆಕ್ಕ ಬಂತು. ಫೇಸ್ ವೋಲ್ಟೇಜಿನ ಮೂರು ಪಟ್ಟನ್ನು ಜಾಲದ ಮೂರು ಬಗೆಯ ಇಂಪೀಡೆನ್ಸುಗಳ ಮೊತ್ತದಿಂದ ಭಾಗಿಸು. ಆ ಮೊತ್ತದ ಕೊನೆಯಲ್ಲಿ ಇನ್ನೊಂದು ತುಣುಕು, ಮೂರು ಝಡ್‌ಎಫ್. ತಂತಿ ತಾಗಿದ ಜಾಗದಲ್ಲಿ ಕರೆಂಟಿಗೆ ಎದುರಾಗುವ ತಡೆ ಅದು. ಆದರೆ ಬರೆಸಿದ ಎಲ್ಲ ಲೆಕ್ಕಗಳಲ್ಲೂ ಝಡ್‌ಎಫ್ ಸೊನ್ನೆ. ಹುಡುಗ ಎದ್ದು ನಿಂತು ಕೇಳಿದ, "ಸರ್, ಅದು ಸೊನ್ನೆ ಇರದಿದ್ದರೆ?" ಮೇಷ್ಟ್ರು ನೋಟ್ಸ್ ಮುಚ್ಚಿದರು. "ಹಂಗಿದ್ರ ಇದನ್ನ ಇನ್ನೊಮ್ಮೆ ಮಾಡ್ರಿ. ಈ ಸಲ ಇನ್ನೂರು ಓಮ್ ಹಾಕ್ರಿ" ಎಂದರು.

11 ಕೆವಿ ಲೈನಿನಲ್ಲಿ ಒಂದು ಫೇಸಿಗೂ ನೆಲಕ್ಕೂ ನಡುವೆ ಸುಮಾರು 6,350 ವೋಲ್ಟ್. ತಡೆ ಇಲ್ಲದಿದ್ದರೆ ಉಪಕೇಂದ್ರದ ಹತ್ತಿರ ಕೆಲವು ಸಾವಿರ ಆಂಪಿಯರ್ ಹರಿದು ಬ್ರೇಕರ್ ಕ್ಷಣದಲ್ಲಿ ಬೀಳುತ್ತದೆ. ಇನ್ನೂರು ಓಮ್ ಹಾಕಿದರೆ ಉತ್ತರ 32 ಆಂಪಿಯರ್ ದಾಟುವುದಿಲ್ಲ. ಆ ಲೈನಿನಲ್ಲಿ ನೂರರಷ್ಟು ಪಂಪ್‌ಸೆಟ್ ಓಡುವಾಗ ಹರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಬ್ರೇಕರನ್ನು ಬೀಳಿಸುವ ರಿಲೇಯನ್ನು 40 ಆಂಪಿಯರಿಗೆ ಕಟ್ಟಿದ್ದರೆ ಅದಕ್ಕೆ ಇದು ಕಾಣುವುದೇ ಇಲ್ಲ. ಒಣ ಮಡ್ಡಿಯ ತಡೆ ಇನ್ನೂರು ಓಮ್‌ಗಿಂತ ಎಷ್ಟೋ ಹೆಚ್ಚಿರಬಹುದು. ಬಿದ್ದ ತಂತಿಯ ಸುತ್ತ ನೆಲದ ವೋಲ್ಟೇಜು ದೂರ ಸರಿದಂತೆ ಇಳಿಯುತ್ತ ಹೋಗುತ್ತದೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರ ಮನುಷ್ಯನ ಹೆಜ್ಜೆಗಿಂತ ದೊಡ್ಡದು, ಆದ್ದರಿಂದ ಆ ಎರಡು ಕಾಲುಗಳ ನಡುವಿನ ವೋಲ್ಟೇಜೂ ದೊಡ್ಡದು. ಕರೆಂಟು ಹಾಯುವ ದಾರಿಯಲ್ಲೇ ಗುಂಡಿಗೆ ಇರುತ್ತದೆ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ರಜೆಗೆ ಹೋದಾಗ ಅವರ ಕಟ್ಟೆಯ ಮೇಲೆ ಕೂತು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರ ನೆಲಾ ಹಸಿ ಇದ್ದಿದ್ರ ಎತ್ತ ಉಳೀತಿತ್ತೇನೋ" ಎಂದರು. ಲೆಕ್ಕದ ತಿರುಳನ್ನು ಅವರು ಹಿಡಿದಿದ್ದರು. ನೆಲ ಹಸಿಯಿದ್ದರೆ ತಡೆ ಕಡಿಮೆ, ಕರೆಂಟು ಹೆಚ್ಚು, ಲೈನ್ ಬೀಳುವ ಸಂಭವವೂ ಹೆಚ್ಚು.

ಈ ಬರಹಗಾರನಿಗೆ ಇಂದು ಆ ಮೇಷ್ಟ್ರ ಬಗ್ಗೆ ಎರಡು ಭಾವನೆಗಳಿವೆ. ಇನ್ನೂರು ಓಮ್ ಹಾಕಿಸಿದ ಆ ಒಂದು ಗಂಟೆಗಾಗಿ ಅವರಿಗೆ ಜೀವಮಾನದ ಋಣ. ಆದರೆ ಅದು ಯಾರೋ ಎದ್ದು ಕೇಳಿದ್ದರಿಂದ ಮಾತ್ರ ಆದದ್ದು. ಕೇಳದೆ ಉಳಿದ ತರಗತಿಗಳೆಷ್ಟೋ. ಲೋಡ್ ಫ್ಲೋ ಲೆಕ್ಕದಲ್ಲಿ ಗಾಸ್-ಸೈಡಲ್ ವಿಧಾನದ ಒಂದು ಸುತ್ತು ಕೈಯಲ್ಲಿ ಮಾಡಿದರೆ ಹತ್ತು ಅಂಕ. ಒಂದು ಸುತ್ತಿನ ನಂತರ ಏನಾಗುತ್ತದೆ, ಉತ್ತರ ಎಲ್ಲಿ ನೆಲೆ ನಿಲ್ಲುತ್ತದೆ ಎಂದು ಆ ತರಗತಿಯಲ್ಲಿ ಯಾರೂ ನೋಡಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಬೆರಳು ನೊಂದದ್ದೇ ಲಾಭ.

ಲೋಡ್ ಫ್ಲೋ ಎಂಬುದನ್ನು ಘೋಣಸಗಿಯಿಂದಲೇ ಹೇಳಬಹುದಿತ್ತು. ಪುಸ್ತಕದ ಭಾಷೆಯಲ್ಲಿ ಈ ಊರು ಒಂದು ಪಿಕ್ಯೂ ಬಸ್. ಎಷ್ಟು ಕಿಲೋವ್ಯಾಟ್, ಎಷ್ಟು ರಿಯಾಕ್ಟಿವ್ ಪವರ್ ಎಳೆಯುತ್ತದೆ ಎಂಬುದು ಗೊತ್ತು, ವೋಲ್ಟೇಜ್ ಎಷ್ಟು ಉಳಿಯುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಹತ್ತು ಕಿಲೋಮೀಟರ್ ಲೈನಿನ ತುದಿಯಲ್ಲಿ 5 ಎಚ್‌ಪಿಯ ಇನ್ನೂರು ಪಂಪ್‌ಸೆಟ್ ಒಟ್ಟಿಗೆ ಓಡುತ್ತಿವೆ ಎಂದಿಟ್ಟುಕೊಳ್ಳಿ. ಹೆಚ್ಚುಕಡಿಮೆ 930 ಕಿಲೋವ್ಯಾಟ್, ಜೊತೆಗೆ 700 ಕೆವಿಎಆರ್. ತಂತಿಗಳಿಗೆ ಪ್ರಾಣಿಗಳ ಹೆಸರಿಡುವ ಒಂದು ಹಳೆಯ ರೂಢಿಯಿದೆ. ಸಣ್ಣದು ವೀಸಲ್, ಅದಕ್ಕಿಂತ ದಪ್ಪದ್ದು ರ‍್ಯಾಬಿಟ್, ಇನ್ನೂ ದಪ್ಪದ್ದು ಡಾಗ್, ದೊಡ್ಡ ಗೋಪುರಗಳ ಮೇಲೆ ಮೂಸ್. ಆ ಲೈನಿನಲ್ಲಿ ವೀಸಲ್ ಇದ್ದರೆ ತುದಿಗೆ ಬರುವಷ್ಟರಲ್ಲಿ 11,000 ವೋಲ್ಟಿನಲ್ಲಿ ಸುಮಾರು ಸಾವಿರ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ರ‍್ಯಾಬಿಟ್ ಹಾಕಿದರೆ ಏಳುನೂರರ ಆಸುಪಾಸು. ಪಂಪ್‌ಸೆಟ್ಟುಗಳಿಗೆ ಸರಿಯಾದ ಕೆಪಾಸಿಟರ್ ಕಟ್ಟಿ ರಿಯಾಕ್ಟಿವ್ ಭಾರವನ್ನು ಅರ್ಧಕ್ಕೆ ಇಳಿಸಿದರೆ ಇನ್ನೂ ನೂರಕ್ಕೂ ಹೆಚ್ಚು ವೋಲ್ಟ್ ಉಳಿಯುತ್ತದೆ.

ಉಳಿದ ಆ ವೋಲ್ಟಿನಿಂದ ಯಾರಿಗೆ ಏನು? 415 ವೋಲ್ಟಿಗೆ ಮಾಡಿದ ಮೋಟರಿಗೆ 330 ಸಿಕ್ಕರೆ ಅದೇ ಕೆಲಸಕ್ಕೆ ಕಾಲುಭಾಗ ಹೆಚ್ಚು ಕರೆಂಟು ಎಳೆಯುತ್ತದೆ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ವೈಂಡಿಂಗ್ ಒಂದೂವರೆ ಪಟ್ಟಿಗೂ ಹೆಚ್ಚು ಕಾಯುತ್ತದೆ. ರಿವೈಂಡಿಂಗ್ ಅಂಗಡಿಗೆ ಹೋಗುವ ದುಡ್ಡು, ಕಾಯುವ ದಿನಗಳು, ಅಷ್ಟರಲ್ಲಿ ಬಾಡುವ ದ್ರಾಕ್ಷಿ ತೋಟ. ಎಲ್ಲವೂ ಆ ಒಂದು ಬಸ್ಸಿನ ವೋಲ್ಟೇಜಿನೊಳಗಿದೆ. ಸಿಂಗಲ್ ಫೇಸ್ ಕೊಟ್ಟ ಹೊತ್ತಿನಲ್ಲಿ ಕಂಡೆನ್ಸರ್ ಹಚ್ಚಿ ತ್ರೀ ಫೇಸ್ ಮೋಟರ್ ಓಡಿಸುವ ರೈತರನ್ನು ಕಳ್ಳರೆಂದು ಬೈದವರನ್ನು ಈತ ಸೇವೆಯಲ್ಲಿ ಬಹಳ ನೋಡಿದ್ದಾನೆ. ಅದರಿಂದ ಟಿಸಿಗೂ ಮೋಟರಿಗೂ ಹಾನಿ ಖಚಿತ. ಆದರೆ ಬೆಳೆ ಒಣಗುತ್ತಿರುವಾಗ ಮಧ್ಯರಾತ್ರಿ ತ್ರೀ ಫೇಸ್ ಬರುತ್ತದೆಂದು ಹಾವು ಚೇಳಿನ ನಡುವೆ ಹೊಲಕ್ಕೆ ಹೋಗು ಎನ್ನುವುದನ್ನು ಯಾವ ಲೆಕ್ಕದಲ್ಲಿ ಸೇರಿಸಬೇಕು? ವೇಳಾಪಟ್ಟಿ ಬರೆಯುವವರೂ ಪವರ್ ಸಿಸ್ಟಮ್ ಓದಿದವರೇ.

ಪಟ್ಟಿಯ ಕೊನೆಯ ಗುರಿ ಸ್ಥಿರತೆ. ಊರಿನಿಂದ ಅದು ಕಾಣುವುದಿಲ್ಲ ಎಂದೇ ಹುಡುಗ ತಿಳಿದಿದ್ದ. ಆದರೆ ಅದು ಪಂಪಿನ ನೀರಿನಲ್ಲೇ ಕಾಣುತ್ತಿತ್ತು. 1990ರ ದಶಕದಲ್ಲಿ ದಕ್ಷಿಣದ ಜಾಲದ ಫ್ರೀಕ್ವೆನ್ಸಿ 50ರ ಬದಲು ಎಷ್ಟೋ ಸಲ 48ರ ಸುತ್ತ ತೂಗುತ್ತಿತ್ತು. ಬಳಕೆಗೆ ಸಾಲುವಷ್ಟು ಉತ್ಪಾದನೆ ಇಲ್ಲದಿದ್ದರೆ ಎಲ್ಲ ಜನರೇಟರುಗಳೂ ನಿಧಾನವಾಗುತ್ತವೆ. ಅವುಗಳೊಂದಿಗೆ ಎಲ್ಲ ಪಂಪುಗಳೂ. ವೇಗ ಶೇ 4 ಇಳಿದರೆ ಪಂಪು ನೀರೆತ್ತುವ ಎತ್ತರ ಶೇ 8ರಷ್ಟು ಇಳಿಯುತ್ತದೆ. ಆಳದ ಬೋರಿನವರು "ಇವತ್ತ ನೀರ ಸಣ್ಣ ಬರಾಕತ್ತೈತಿ" ಎನ್ನುತ್ತಿದ್ದುದಕ್ಕೆ ಅಂತರ್ಜಲವೊಂದೇ ಕಾರಣವಾಗಿರಲಿಲ್ಲ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯದ ಜಾಲಗಳು ಒಟ್ಟಿಗೆ ಕುಸಿದು ಅರವತ್ತು ಕೋಟಿಯಷ್ಟು ಜನರಿಗೆ ತಟ್ಟಿತು. ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನು ಹೊರೆ ಹೆಚ್ಚಾಗಿ ಬಿದ್ದದ್ದು ಅದರ ಮೊದಲ ಕೊಂಡಿ. ಅಲ್ಲಿ ಯಾವ ತಂತಿಯೂ ಹರಿದಿರಲಿಲ್ಲ. ಅತಿಯಾದ ಹೊರೆಯನ್ನೇ ರಿಲೇ ಶಾರ್ಟ್ ಸರ್ಕ್ಯೂಟ್ ಎಂದು ತಿಳಿಯಿತು. ಮಡ್ಡಿಯಲ್ಲಿ ನಿಜವಾದ ತಪ್ಪನ್ನು ಕಾಣದ ರಿಲೇ, ಗ್ವಾಲಿಯರಿನಲ್ಲಿ ಇಲ್ಲದ ತಪ್ಪನ್ನು ಕಂಡಿತ್ತು. ಆಗ ದಕ್ಷಿಣದ ಜಾಲ ಬೇರೆಯಾಗಿಯೇ ತಿರುಗುತ್ತಿದ್ದುದರಿಂದ ಕರ್ನಾಟಕ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣವೂ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಘೋಣಸಗಿಯ ಪಂಪು ಪಂಜಾಬಿನ ಪಂಪಿನ ಜೊತೆ ಒಂದೇ ಲಯದಲ್ಲಿ ತಿರುಗುತ್ತಿದೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಕೋವಿಡ್ ಹೊತ್ತಿನ ಕರೆಗೆ ಓಗೊಟ್ಟು ದೇಶ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿದರೂ ಜಾಲ ನಿಂತಿತು. ಜಾಲ ನಡೆಸುವ ಎಂಜಿನಿಯರುಗಳು ಜಲವಿದ್ಯುತ್ ಕೇಂದ್ರಗಳನ್ನು ಇಟ್ಟುಕೊಂಡು ಅದಕ್ಕೆ ಮೊದಲೇ ಲೆಕ್ಕ ಹಾಕಿ ಸಿದ್ಧರಾಗಿದ್ದರು. ಆರನೇ ಸೆಮಿಸ್ಟರಿನ ಆ ಪಾಠ ಅಂದು ಫಲ ಕೊಟ್ಟಿತ್ತು.

ಜಿಲ್ಲೆಯೇ ಈಗ ಬೇರೆ. ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್. ಕೃಷ್ಣೆಯ ನೀರನ್ನು ಮೇಲೆತ್ತುವ ತುಬಚಿ–ಬಬಲೇಶ್ವರ ಯೋಜನೆಯ ಪಂಪುಗಳ ಮುಂದೆ ಹಿಂದಿನ ಪಂಪ್‌ಸೆಟ್‌ಗಳು ಏನೂ ಅಲ್ಲ. ಟಿಕೋಟಾ ಸೀಮೆಯಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ಸಾಲಾಗಿ ನಿಂತಿವೆ. ಸೋಲಾರ್ ಬಂದಿದೆ. ಇನ್ವರ್ಟರ್ ಮೂಲಕ ಬರುವ ಕರೆಂಟು ಹಳೆಯ ಜನರೇಟರಿನಂತೆ ನಡೆದುಕೊಳ್ಳುವುದಿಲ್ಲ. ಶಾರ್ಟ್ ಆದಾಗ ಅದು ತನ್ನ ಸಾಮಾನ್ಯ ಕರೆಂಟಿಗಿಂತ ಸ್ವಲ್ಪವೇ ಹೆಚ್ಚು ಕೊಡುತ್ತದೆ, ಆದ್ದರಿಂದ ಹಳೆಯ ರಿಲೇ ಇನ್ನೂ ಕುರುಡಾಗಬಹುದು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ ವೋಲ್ಟೇಜು ಹತೋಟಿ ಮೀರಿ ಏರಿದ್ದು ಕಾರಣವೆಂದು ತನಿಖೆ ಕಂಡುಕೊಂಡಿತು. ಪಾಠಕ್ರಮದ ಪಟ್ಟಿಗೆ ಇವೆಲ್ಲ ಸೇರಬೇಕು.

ಅಣ್ಣನ ಮಗಳ ಕಾಲೇಜಿನ ಲ್ಯಾಬಿನಲ್ಲಿ ಬೆಂಗಳೂರಿನಲ್ಲೇ ತಯಾರಾದ ಮೈಪವರ್ ತಂತ್ರಾಂಶವಿದೆ. ಗುಂಡಿ ಒತ್ತಿದರೆ ಲೋಡ್ ಫ್ಲೋ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒಂದು ಬಸ್ಸಿನಲ್ಲಿ ವೋಲ್ಟೇಜ್ 0.87 ಪರ್ ಯುನಿಟ್ ಬಂದಿತ್ತು. ಯಾಕೆ ಎಂದು ಕಾಕಾ ಕೇಳಿದ. ಅವಳು ಸುಮ್ಮನಾದಳು. ಆಮೇಲೆ ಅವನು ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದುಕೊಟ್ಟ. "ಯವ್ವಾ, ಇದರಾಗ ಬಿಡೂವಂಥಾದ್ದು ಒಂದೂ ಇಲ್ಲ. ಆದ್ರ ಮೊದಲ ನಮ್ಮ ಮನಿ ಮೀಟರ್‌ದಿಂದ ಟಿಸಿ, ಟಿಸಿಯಿಂದ ಉಪಕೇಂದ್ರ, ಅಲ್ಲಿಂದ ಬಿಜಾಪುರದ ದೊಡ್ಡ ಸ್ಟೇಷನ್ ತನಕ ಗೆರೆ ಹೊಡಿ. ಪ್ರತಿ ಗೆರಿ ಮ್ಯಾಲ ಎಷ್ಟ ವೋಲ್ಟು, ಯಾವ ತಂತಿ, ಎಷ್ಟ ದೂರ ಬರಿ. ಕಂಪ್ಯೂಟರ್ ಹಚ್ಚೂಕಿಂತ ಮೊದಲ ಉತ್ತರ ಇಷ್ಟರಾಗ ಬರಬೇಕು ಅಂತ ಊಹಾ ಮಾಡು. ಝಡ್‌ಎಫ್ ಯಾವಾಗ್ಲೂ ಸೊನ್ನೆ ಅಂತ ನಂಬಬ್ಯಾಡ."

ಈ ವಿಷಯ ಕಲಿಸುವ ಮೇಷ್ಟ್ರುಗಳಲ್ಲೂ ಈ ಬರಹಗಾರನ ಬೇಡಿಕೆ ಅದೇ. ಮೊದಲ ವಾರ ಪ್ರತಿ ವಿದ್ಯಾರ್ಥಿಯಿಂದ ತನ್ನ ಊರಿನ ಏಕರೇಖಾ ಚಿತ್ರ ಬರೆಸಿ, ಸೆಮಿಸ್ಟರಿಡೀ ಅದೇ ಜಾಲದ ಮೇಲೆ ಎಲ್ಲ ಲೆಕ್ಕ ಮಾಡಿಸಿ. ಇನ್ನು ಹೊಲದಲ್ಲಿ ಹರಿದು ಬಿದ್ದ ತಂತಿ ಕಂಡ ಯಾರಿಗೇ ಆಗಲಿ ಒಂದು ವಿನಂತಿ. ಕರೆಂಟು ಇಲ್ಲ ಎಂದು ಎಂದೂ ಊಹಿಸಬೇಡಿ. ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ, ದನಕರುಗಳನ್ನು ಅದಕ್ಕೂ ದೂರ ಕಟ್ಟಿ, 1912ಕ್ಕೆ ಫೋನ್ ಮಾಡಿ. ಲೈನ್ ಬಂದ್ ಮಾಡಿದ್ದೇವೆ ಎಂದು ಅವರು ಹೇಳುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ.